ಕೈಯಲ್ಲಿ ಹಿಡಿಯುವ ಡಬ್ಬಿ ಬೇಕಾದ ಜಾಗದಲ್ಲಿ ಮಾತ್ರ ಅದುರುವ ಹಾಗೆ ಮಾಡುದು ಹೇಗೆ

ನಮ್ಮ ಸೋದರಮಾವನಿಗೆ ಕಾಸರಗೋಡಿನ ಪೆರ್ಲದ ಹತ್ತಿರ ಅಡಿಕೆ ತೋಟ ಉಂಟು. ಶುಗರಿನಿಂದ ಕಣ್ಣು ಹೆಚ್ಚುಕಮ್ಮಿ ಪೂರ್ತಿ ಹೋಗಿದೆ, ಆದ್ರೆ ತೋಟಕ್ಕೆ ನೀರು ಬಿಡುವ ಕೆಲಸ ಮಾತ್ರ ಇನ್ನೊಬ್ಬರ ಕೈಗೆ ಕೊಡುದಿಲ್ಲ. ನೀರಿಗೆ ಅಂತ ಗುಡ್ಡಕ್ಕೆ ಅಡ್ಡ ಕೊರೆದ ಸುರಂಗದ ನೀರು ತೊಟ್ಟಿಗೆ ಬೀಳ್ತದೆ, ತೊಟ್ಟಿಯಿಂದ ಪಂಪು ಎಳೀತದೆ, ಮಾರ್ಚ್ ಆಯ್ತು ಅಂದ್ರೆ ಸುರಂಗದ ನೀರು ನೂಲಿನ ಹಾಗೆ ಸಪೂರ ಆಗ್ತದೆ, ತೊಟ್ಟಿ ಖಾಲಿ ಆದದ್ದು ಗೊತ್ತಾಗದೆ ಪಂಪು ಓಡಿದ್ರೆ ಸೀಲ್ ಸುಟ್ಟು ಹೋಗ್ತದೆ. ಅವರಿಗೆ ಮೂರೇ ಸುದ್ದಿ ಬೇಕಾದ್ದು: ಕರೆಂಟ್ ಬಂತು, ಪಂಪು ಓಡ್ತಾ ಉಂಟು, ತೊಟ್ಟಿ ಖಾಲಿ.

ಮೊದಲು ಮಾಡಿ ಕೊಟ್ಟ ರಿಮೋಟಲ್ಲಿ ಒಂದು ವೈಬ್ರೇಶನ್ ಮೋಟರ್ ಇತ್ತು, ಒಂದು ಸಲ ಅದುರಿದ್ರೆ ಕರೆಂಟ್, ಎರಡು ಸಲ ಅಂದ್ರೆ ಪಂಪು, ಮೂರು ಸಲ ಅಂದ್ರೆ ತೊಟ್ಟಿ ಖಾಲಿ ಹೇಳಿ ಲೆಕ್ಕ. ಮಾವ ಹೇಳಿದ್ರು, ಕೆಲಸದ ನಡುವೆ ಎಷ್ಟು ಸಲ ಅದುರಿತು ಹೇಳಿ ಲೆಕ್ಕ ಇಡ್ಲಿಕ್ಕೆ ಆಗುದಿಲ್ಲ ಮಾರಾಯ, ಜಾಗ ಬದಲಾದ್ರೆ ಗೊತ್ತಾದೀತು. ಅವರು ಹೇಳಿದ್ದು ಸರಿ. ಹೆಬ್ಬೆಟ್ಟಿನ ಅಡಿ ಅದುರಿದ್ರೆ ಒಂದು ಸುದ್ದಿ, ಬೆರಳಿನ ಅಡಿ ಅದುರಿದ್ರೆ ಇನ್ನೊಂದು ಸುದ್ದಿ, ಅದಕ್ಕೆ ಲೆಕ್ಕ ಹಾಕುವ ಕೆಲಸವೇ ಇಲ್ಲ. ಅದನ್ನು ಮಾಡ್ಲಿಕ್ಕೆ ಹೋಗಿ ನನಗೆ ಗೊತ್ತಾದದ್ದನ್ನೆಲ್ಲ ಇಲ್ಲಿ ಬರೀತೇನೆ, ರಿಮೋಟ್ ಆಗ್ಲಿ ಗೇಮ್ ಕಂಟ್ರೋಲರ್ ಆಗ್ಲಿ ಕುರುಡರಿಗೆ ದಾರಿ ತೋರಿಸುವ ಸಾಧನ ಆಗ್ಲಿ, ಎಂತ ಮಾಡುದಿದ್ರೂ ಕ್ರಮ ಇದುವೇ.

ಎರಡು ಮೋಟರ್ ತಂದು ಡಬ್ಬಿಯ ಎರಡು ತುದಿಗೆ ಅಂಟಿಸಿದ್ರೆ ಆಗುದಿಲ್ಲ. ಎಲ್ಲರೂ ಮೊದಲು ಮಾಡುದು ಅದನ್ನೇ, ನಾನೂ ಮಾಡಿದ್ದೆ. ಗಟ್ಟಿ ಪ್ಲಾಸ್ಟಿಕ್ ಡಬ್ಬಿ ಅಂದ್ರೆ ಒಂದೇ ತುಂಡು, ಒಂದು ಮೂಲೆಯಲ್ಲಿ ಅಲುಗಿಸಿದ್ರೆ ಇಡೀ ಡಬ್ಬಿ ಅಲುಗ್ತದೆ. ಎಡದ್ದು ಓಡಿದ್ರೂ ಬಲದ್ದು ಓಡಿದ್ರೂ ಕೈಗೆ ಬರುದು ಒಂದೇ ಜುಂ. ಇದಕ್ಕೆ ನಮ್ಮ ಚರ್ಮದ್ದೂ ಒಂದು ಕಾರಣ ಉಂಟು. ವೇಗದ ಅದುರುವಿಕೆಯನ್ನು ಹಿಡಿಯುದು ಚರ್ಮದ ಆಳದಲ್ಲಿರುವ ಪಾಸಿನಿ ಕಾಯಗಳು, 1830ರ ದಶಕದಲ್ಲಿ ಇಟಲಿಯ ಫಿಲಿಪ್ಪೊ ಪಾಸಿನಿ ಕಂಡು ಹಿಡಿದದ್ದು, ಅವು ಸೆಕೆಂಡಿಗೆ ಸುಮಾರು 200ರಿಂದ 300 ಸಲ ಅದುರುದನ್ನು ತುಂಬ ಚೆನ್ನಾಗಿ ಹಿಡೀತವೆ, ಒಂದು ಮೈಕ್ರಾನಿಗಿಂತ ಕಡಿಮೆ ಅಲುಗಿದ್ರೂ ಗೊತ್ತಾಗ್ತದೆ. ಆದ್ರೆ ಒಂದೊಂದು ಕಾಯದ ವ್ಯಾಪ್ತಿ ದೊಡ್ಡದು, ಅದುರಿತು ಅಂತ ಹೇಳ್ತದೆ, ಎಲ್ಲಿ ಅದುರಿತು ಅಂತ ಸಮಾ ಹೇಳುದಿಲ್ಲ. ಮೋಟರುಗಳು ಓಡುದು ಹೆಚ್ಚುಕಮ್ಮಿ ಅದೇ ವೇಗದಲ್ಲಿ. ಹಾಗಾಗಿ ಜಾಗದ ಕೆಲಸವನ್ನು ಚರ್ಮದ ಮೇಲೆ ಬಿಟ್ರೆ ಆಗುದಿಲ್ಲ, ಡಬ್ಬಿಯೇ ಮಾಡ್ಬೇಕು. ಅದುರಬೇಕಾದ ಜಾಗ ಹಗುರ ಆಗ್ಬೇಕು, ಸಡಿಲ ಆಗ್ಬೇಕು, ಉಳಿದದ್ದು ಭಾರ ಆಗ್ಬೇಕು, ನಡುವೆ ಮೆತ್ತಗೆ ಎಂತಾದ್ರೂ ಇರ್ಬೇಕು.

ಶುರು ಮಾಡುವ ಮೊದಲು ಹಿಡಿಯುವವರ ಕೈ ನೋಡಿ. ಇದನ್ನು ಬಿಟ್ರೆ ಮತ್ತೆ ಎಲ್ಲ ಬಿಚ್ಚಿ ಪುನಃ ಮಾಡ್ಬೇಕಾಗ್ತದೆ. ಪ್ರಾಯ ಆದ ಹಾಗೆ ಅದುರುದನ್ನು ಹಿಡಿಯುವ ಶಕ್ತಿ ಕಡಿಮೆ ಆಗ್ತದೆ, ಶುಗರ್ ಇದ್ದವರಿಗೆ ನರ ಕೂಡ ಹಾಳಾಗಿರ್ಬಹುದು. ಡಾಕ್ಟ್ರುಗಳು 128 ಹರ್ಟ್ಜ್‌ನ, ಅಂದ್ರೆ ಸೆಕೆಂಡಿಗೆ 128 ಸಲ ಅದುರುವ ಟ್ಯೂನಿಂಗ್ ಫೋರ್ಕ್ ಇಟ್ಟು ನೋಡುದು ಇದನ್ನೇ, ಸಾಧಾರಣ ಕಾಲಿನಲ್ಲಿ ಮೊದಲು ಶುರು ಆಗಿ ಕೈಗೆ ಆಮೇಲೆ ಬರ್ತದೆ. ನಾನು ಒಂದು ಹಾಳು ಮೊಬೈಲಿನ ಮೋಟರ್ ತೆಗೆದು ಪೆನ್ಸಿಲಿನ ತುದಿಗೆ ಕಟ್ಟಿ ಮಾವನ ಕೈಯ ಒಂದೊಂದೇ ಜಾಗಕ್ಕೆ ಮುಟ್ಟಿಸಿ ಕೇಳಿದೆ, ಇಲ್ಲಿ ಗೊತ್ತಾಗ್ತದಾ, ಇಲ್ಲಿ ಗೊತ್ತಾಗ್ತದಾ. ಅವರ ಅಂಗೈ ನಡುವೆ ಹೆಚ್ಚು ಗೊತ್ತಾಗುದಿಲ್ಲ, ವರ್ಷಗಟ್ಟಲೆ ಹಾರೆ ಕತ್ತಿ ಹಿಡಿದು ಚರ್ಮ ದಪ್ಪ ಆಗಿದೆ. ಹೆಬ್ಬೆಟ್ಟಿನ ತುದಿ, ನಡು ಬೆರಳಿನ ತುದಿ ಒಳ್ಳೇದುಂಟು. ಅಂಗೈಯ ಮೇಲೆ ಎರಡು ಜಾಗಕ್ಕಿಂತ ಎರಡು ಬೇರೆ ಬೇರೆ ಬೆರಳು ಯಾವಾಗ್ಲೂ ಒಳ್ಳೇದು, ಗಲಿಬಿಲಿ ಆಗುದಿಲ್ಲ. ಆಮೇಲೆ ಯಾವ ಕೈಯಲ್ಲಿ ಹಿಡೀತಾರೆ ಅಂತ ಕೇಳಿ, ಮಾವನ ಬಲಗೈಯಲ್ಲಿ ಕತ್ತಿ ಇರ್ತದೆ, ರಿಮೋಟ್ ಎಡಗೈಗೆ, ಇದು ನನಗೆ ಮೊದಲು ಹೊಳೀಲೇ ಇಲ್ಲ, ಅದುರುವ ತುಂಡು ಕೂರಿಸ್ಲಿಕ್ಕೆ ಕಿಟಕಿ ಕೊರೆದದ್ದು ತಪ್ಪು ಬದಿಯಲ್ಲಿ ಆಗಿ ಒಂದು ಡಬ್ಬಿ ಹಾಳಾಯ್ತು.

ಇನ್ನು ಮೋಟರ್. ಸಿಗುದು ಮುಖ್ಯವಾಗಿ ಎರಡು ಜಾತಿ. ಒಂದು ಇಆರ್‌ಎಂ, ಒಳಗೆ ಒಂದು ಬದಿ ಭಾರ ಇರುವ ಚಕ್ರ ತಿರುಗ್ತದೆ, ಹಳೇ ಫೋನುಗಳಲ್ಲಿ ಇರುವ 10 ಮಿಲಿಮೀಟರ್ ಬಿಲ್ಲೆಯಂಥದ್ದು. ಅಗ್ಗ, 3 ವೋಲ್ಟಿಗೆ ಓಡ್ತದೆ, ಆದ್ರೆ ತಿರುಗಿ ವೇಗ ಹಿಡೀಲಿಕ್ಕೆ ಸಮಯ ಬೇಕು, ನಿಲ್ಲಿಸಿದ ಮೇಲೂ ಸ್ವಲ್ಪ ತಿರುಗ್ತಾ ಇರ್ತದೆ. ಇನ್ನೊಂದು ಎಲ್‌ಆರ್‌ಎ, ಅದರಲ್ಲಿ ಸ್ಪ್ರಿಂಗಿನ ಮೇಲೆ ಕೂತ ಭಾರ ಕಾಯಿಲಿನ ಎಳೆತಕ್ಕೆ ಒಂದೇ ಗೆರೆಯಲ್ಲಿ ಹಿಂದೆ ಮುಂದೆ ಹೋಗ್ತದೆ, 175 ಹರ್ಟ್ಜೋ 235 ಹರ್ಟ್ಜೋ, ಅದರದ್ದೇ ಒಂದು ವೇಗ ಇರ್ತದೆ, ಆ ವೇಗ ಬಿಟ್ಟು ಬೇರೆ ವೇಗದಲ್ಲಿ ಓಡಿಸಿದ್ರೆ ಶಕ್ತಿಯೇ ಇರುದಿಲ್ಲ. ಟಕ್ಕಂತ ಶುರು ಆಗ್ತದೆ, ಟಕ್ಕಂತ ನಿಲ್ತದೆ. ಪೀಝೋ ಅಂತ ಮೂರನೇದೂ ಉಂಟು, ವೋಲ್ಟ್ ಕೊಟ್ರೆ ತಾನೇ ಬಗ್ಗುವ ತುಂಡು ಅದು, ತೆಳ್ಳಗೆ, ಇನ್ನೂ ಚುರುಕು, ಆದ್ರೆ ಅದಕ್ಕೆ ಎಷ್ಟೋ ಹತ್ತು ವೋಲ್ಟ್, ನೂರರ ಮೇಲೂ ಬೇಕಾಗ್ತದೆ, ಮನೆಯಲ್ಲಿ ಮಾಡುವ ಸಾಧನಕ್ಕೆ ಬೇಡ. ನಾನು ಹಾಕಿದ್ದು ಎಲ್‌ಆರ್‌ಎ.

ಜಾತಿಯಷ್ಟೇ ಮುಖ್ಯ ಅದು ಅಲುಗುವ ದಿಕ್ಕು. ಬಿಲ್ಲೆ ಆಕಾರದ ಎಲ್‌ಆರ್‌ಎ ಮಲಗಿಸಿ ಅಂಟಿಸಿದ್ರೆ ಮೇಲೆ ಕೆಳಗೆ ಅಲುಗ್ತದೆ, ಬೆರಳಿಗೆ ಕುಟ್ಟಿದ ಹಾಗೆ ಆಗ್ತದೆ. ಬಿಲ್ಲೆ ಇಆರ್‌ಎಂ ಮಲಗಿಸಿ ಅಂಟಿಸಿದ್ರೆ ಅಡ್ಡಡ್ಡ ಅಲುಗ್ತದೆ, ಬೆರಳಿನ ಅಡಿಯಲ್ಲಿ ಉಜ್ಜಿದ ಹಾಗೆ. ಅಡ್ಡ ಅಲುಗಿದ್ರೆ ಪ್ರಯೋಜನ ಇಲ್ಲ ಅಂತ ಅಲ್ಲ, 2015ರಿಂದ ಆಪಲ್ ಲ್ಯಾಪ್‌ಟಾಪಿನಲ್ಲಿ ಬಂದ ಟ್ರ್ಯಾಕ್‌ಪ್ಯಾಡಲ್ಲಿ ಗಾಜು ಕೆಳಗೆ ಹೋಗುದೇ ಇಲ್ಲ, ಒಳಗಿನ ವಿದ್ಯುತ್‌ಕಾಂತ ಅಡ್ಡಕ್ಕೆ ಒಂದು ಜಗ್ಗು ಜಗ್ತದೆ, ನಮಗೆ ಬಟನ್ ಒತ್ತಿದ ಹಾಗೆಯೇ ಆಗ್ತದೆ. ಆದ್ರೆ ನೀವು ಬಿಡುವ ಸಡಿಲ ಆ ದಿಕ್ಕಿಗೆ ಇರ್ಬೇಕು. ಮೇಲೆ ಕೆಳಗೆ ಅಲುಗುವ ಮೋಟರ್ ಹಾಕಿ ಅಡ್ಡಕ್ಕೆ ಮಾತ್ರ ಸಡಿಲ ಬಿಟ್ರೆ ಮಾಡಿದ್ದೆಲ್ಲ ದಂಡ.

ಡಬ್ಬಿಗೆ ನಾನು ತೆಗೊಂಡದ್ದು ಗಟ್ಟಿ ಪ್ಲಾಸ್ಟಿಕಿನ ಸಾಬೂನು ಡಬ್ಬಿ, ಪ್ರಯಾಣಕ್ಕೆ ತೆಗೊಂಡು ಹೋಗ್ತಾರಲ್ಲ ಮುಚ್ಚಳ ಇರುವಂಥದ್ದು, ಕೈಯಲ್ಲಿ ಸಮಾ ಕೂರ್ತದೆ. ಮಾವನ ಕೈಗೆ ಕೊಟ್ಟು ಹಿಡೀಲಿಕ್ಕೆ ಹೇಳಿ, ಹೆಬ್ಬೆಟ್ಟು ಎಲ್ಲಿ ಬಂತು ನಡು ಬೆರಳು ಎಲ್ಲಿ ಬಂತು ಅಂತ ಮಾರ್ಕರಲ್ಲಿ ಗುರುತು ಹಾಕಿದೆ. ಆ ಎರಡು ಜಾಗದಲ್ಲಿ 25 ಮಿಲಿಮೀಟರಿನ ಚೌಕ ಕಿಟಕಿ ಕೊರೆಯುದು, ನಾಲ್ಕು ಮೂಲೆಗೆ ತೂತು ಮಾಡಿ ಹ್ಯಾಕ್ಸಾ ಬ್ಲೇಡಲ್ಲಿ ನಿಧಾನ ಕೊಯ್ದು ಸ್ಯಾಂಡ್‌ಪೇಪರಲ್ಲಿ ಅಂಚು ನಯ ಮಾಡ್ಬೇಕು. ಆಮೇಲೆ 2 ಮಿಲಿಮೀಟರ್ ದಪ್ಪದ ಅಕ್ರಿಲಿಕ್ ಶೀಟಿಂದ 22 ಮಿಲಿಮೀಟರಿನ ಚೌಕ ತುಂಡು, ಅಂದ್ರೆ ಸುತ್ತ ಒಂದೂವರೆ ಮಿಲಿಮೀಟರ್ ಖಾಲಿ ಇರ್ಬೇಕು. ಈ ತುಂಡು ಡಬ್ಬಿಗೆ ಎಲ್ಲಿಯೂ ತಾಗ್ಬಾರ್ದು. ಒಂದು ಮೂಲೆ ತಾಗಿದ್ರೂ ಸಾಕು, ಅಲ್ಲಿಂದ ಇಡೀ ಡಬ್ಬಿಗೆ ಹೋಗ್ತದೆ.

ಆ ತುಂಡನ್ನು ಹಿಡಿದು ನಿಲ್ಲಿಸುದು ಎಂತದು, ಇಲ್ಲಿಯೇ ನನಗೆ ಎರಡು ವಾರ ಹೋದದ್ದು. ಹವಾಯಿ ಚಪ್ಪಲಿನ ರಬ್ಬರ್ ನೋಡಿದೆ, ಗಟ್ಟಿ ಆಯ್ತು. ನಮ್ಮಲ್ಲಿ ತೋಟದ ರಬ್ಬರ್ ಶೀಟ್ ಬೇಕಾದಷ್ಟು ಉಂಟಲ್ಲ ಅಂತ ಅದರಿಂದ ಕೊಯ್ದು ಹಾಕಿದೆ, ಸೆಕೆಗೆ ಅಂಟಂಟು ಆಯ್ತು, ಕಾಯಿಸಿ ಗಂಧಕ ಸೇರಿಸದ ರಬ್ಬರ್ ಹಾಗೆಯೇ. ಕೊನೆಗೆ ಸರಿ ಆದದ್ದು ಹಳೇ ಸೈಕಲ್ ಟ್ಯೂಬ್. ಟ್ಯೂಬಿಂದ 4 ಮಿಲಿಮೀಟರ್ ಅಗಲದ ಪಟ್ಟಿ ನಾಲ್ಕು ಕೊಯ್ದು, ತುಂಡಿನ ನಾಲ್ಕು ಮೂಲೆಯಿಂದ ಡಬ್ಬಿಯ ಒಳ ಮೈಗೆ ಸ್ವಲ್ಪ ಸಡಿಲವಾಗಿಯೇ ಅಂಟಿಸಿದೆ, ಹಗ್ಗದ ಮಂಚದ ಹಾಗೆ. ಅಂಟಿಸ್ಲಿಕ್ಕೆ ಚಪ್ಪಲಿಗೆ ಹಾಕುವ ರಬ್ಬರ್ ಗಮ್ ಒಳ್ಳೇದು. ಫೆವಿಕ್ವಿಕ್ ಮೋಟರಿನ ಹತ್ತಿರ ತರ್ಲೇಬೇಡಿ, ಅದು ನೀರಿನ ಹಾಗೆ ಹರಿದು ಒಳಗೆ ಹೋಗಿ ಅಲುಗುವ ಭಾಗವನ್ನೇ ಹಿಡಿದು ಬಿಡ್ತದೆ.

ಎಷ್ಟು ಮೆತ್ತಗೆ ಇರ್ಬೇಕು ಅಂತ ಅಂದಾಜಿಗೆ ಬಿಡುವ ಅಗತ್ಯ ಇಲ್ಲ, ಲೆಕ್ಕ ಉಂಟು. ಮೆತ್ತಗಿನ ಆಧಾರದ ಮೇಲೆ ಕೂತ ಯಾವುದೇ ತುಂಡಿಗೆ ಅದರದ್ದೇ ಒಂದು ಅದುರುವ ವೇಗ ಇರ್ತದೆ. ಮೋಟರಿನ ವೇಗ ಅದರ 1.41 ಪಟ್ಟಿಗಿಂತ ಹೆಚ್ಚಿದ್ರೆ ಮಾತ್ರ ಆಧಾರ ತಡೆಯುವ ಕೆಲಸ ಶುರು ಮಾಡ್ತದೆ, ಅದಕ್ಕಿಂತ ಕೆಳಗೆ ಇದ್ರೆ ತಡೆಯುದು ಬಿಡಿ, ಜಾಸ್ತಿ ಮಾಡಿ ಕಳಿಸ್ತದೆ. ನನ್ನ ತುಂಡು ಮೋಟರ್ ಸೇರಿ ಸುಮಾರು 5 ಗ್ರಾಂ. ಅದರ ಮೇಲೆ 100 ಗ್ರಾಂ ಭಾರ ಇಟ್ಟಾಗ 1 ಮಿಲಿಮೀಟರ್ ಕೆಳಗೆ ಹೋದ್ರೆ ಅದರ ಸ್ವಂತ ವೇಗ ಹತ್ತತ್ರ 70 ಹರ್ಟ್ಜ್ ಬರ್ತದೆ. ಮೋಟರ್ 175 ಹರ್ಟ್ಜಲ್ಲಿ ಓಡಿದ್ರೆ ಎರಡೂವರೆ ಪಟ್ಟು ಆಯ್ತು, ಆಗ ಡಬ್ಬಿಗೆ ಹೋಗುವ ಬಲ ಐದರಲ್ಲಿ ಒಂದು ಪಾಲಿಗೆ ಇಳೀತದೆ. ಹಾಗಾಗಿ 100 ಗ್ರಾಮಿನ ಹೊಸ ಸಾಬೂನು ಒಂದನ್ನು ತುಂಡಿನ ಮೇಲೆ ಇಟ್ಟು ನೋಡಿ, ಒಂದು ಮಿಲಿಮೀಟರ್ ತಗ್ಗಬೇಕು. ತಗ್ಗದಿದ್ರೆ ಪಟ್ಟಿ ಇನ್ನೂ ಸಪೂರ ಮಾಡಿ. ತುಂಬ ತಗ್ಗಿದ್ರೂ ಆಗುದಿಲ್ಲ, ಬೆರಳು ಒತ್ತಿದಾಗ ಒಳಗೆ ಹೋಗಿ ಸರ್ಕಿಟಿಗೆ ತಾಗ್ತದೆ, ಅದಕ್ಕೆ ಮೂರು ಮಿಲಿಮೀಟರ್ ಕೆಳಗೆ ಸ್ಪಂಜಿನ ಒಂದು ತಡೆ ಇಟ್ಟಿದ್ದೇನೆ.

ಉಳಿದ ಡಬ್ಬಿ ಭಾರ ಆಗ್ಬೇಕು ಅಂದೆನಲ್ಲ, ಅದಕ್ಕೆ ಬ್ಯಾಟರಿಯೇ ಸಾಕು. 18650 ಅನ್ನುವ ಚಾರ್ಜ್ ಮಾಡುವ ಸೆಲ್ ಒಂದು 45 ಗ್ರಾಂ ಹತ್ತಿರ ತೂಗ್ತದೆ, ಅದನ್ನು ಡಬ್ಬಿಯ ತಳಕ್ಕೆ ಗಟ್ಟಿಯಾಗಿ ಕೂರಿಸಿ, ಲಟಲಟ ಅಲುಗುವ ಹಾಗೆ ಬಿಡ್ಬೇಡಿ. ಕಿಟಕಿಯ ತುಂಡಿಗೆ ಭಾರದ್ದು ಎಂತದೂ ಬೇಡ, ಬಟನ್ ಕೂಡ ಅಲ್ಲಿ ಬೇಡ.

ವಯರಿನ ವಿಷಯ ಬೇಗ ಹೇಳಿ ಮುಗಿಸ್ತೇನೆ ಆದ್ರೆ ಮರೀಬೇಡಿ: ಮೋಟರಿಗೆ ಹೋಗುವ ವಯರ್ ಕೂದಲಿನಷ್ಟು ಸಪೂರದ್ದು, ಉದ್ದ ಬಿಟ್ಟು ಒಂದು ಸುರುಳಿ ಮಾಡಿ. ಬಿಗಿಯಾಗಿ ಎಳೆದ್ರೆ ವಯರಿನ ಮೂಲಕವೇ ನಡುಕ ದಾಟ್ತದೆ, ಮತ್ತೆ ಒಂದು ತಿಂಗಳಲ್ಲಿ ಬುಡದಲ್ಲಿ ತುಂಡಾಗ್ತದೆ. ಮೋಟರಿನ ಬುಡದಲ್ಲಿ ಸಿಲಿಕಾನ್ ಅಂಟಿನ ಒಂದು ಬೊಟ್ಟು ಇಟ್ರೆ ಬಾಳಿಕೆ ಬರ್ತದೆ.

ಮೋಟರನ್ನು ಓಡಿಸ್ಲಿಕ್ಕೆ ಇಎಸ್‌ಪಿ32 ಅನ್ನುವ, ಪ್ರೋಗ್ರಾಂ ಬರೆದು ಹಾಕುವ ಸಣ್ಣ ಬೋರ್ಡ್ ತೆಗೊಂಡೆ. ಬೋರ್ಡಿನ ಕಾಲಿಗೆ (ಪಿನ್ನಿಗೆ) ನೇರ ಮೋಟರ್ ಸಿಕ್ಕಿಸಬೇಡಿ, ಬಿಲ್ಲೆ ಇಆರ್‌ಎಂ ಒಂದು ಸುಮಾರು 80 ಮಿಲಿಆಂಪ್ ಎಳೀತದೆ, ಶುರುವಿಗೆ ಇನ್ನೂ ಹೆಚ್ಚು, ಬೋರ್ಡಿನ ಕಾಲಿಗೆ ಅಷ್ಟು ತಡೆಯುದಿಲ್ಲ. ಇಆರ್‌ಎಂ ಆದ್ರೆ 2ಎನ್2222 ಟ್ರಾನ್ಸಿಸ್ಟರ್, ಅದರ ಬೇಸ್ ಕಾಲಿಗೆ 1 ಕಿಲೋಓಮ್ ರೆಸಿಸ್ಟರ್, ಮೋಟರಿಗೆ ಅಡ್ಡ ಉಲ್ಟಾ ಒಂದು 1ಎನ್4148 ಡಯೋಡ್, ಅಷ್ಟೇ ಸಾಕು. ಎಲ್‌ಆರ್‌ಎಗೆ ಅದು ಆಗುದಿಲ್ಲ, ಅದಕ್ಕೆ ಹಿಂದೆ ಮುಂದೆ ಹೋಗುವ ಕರೆಂಟ್ ಬೇಕು, ಹಾಗಾಗಿ ಡಿಆರ್‌ವಿ2605ಎಲ್ ಅನ್ನುವ ಚಿಪ್ಪಿನ ಸಣ್ಣ ಬೋರ್ಡ್ ಮೋಟರಿಗೆ ಒಂದರಂತೆ ಎರಡು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನವರದ್ದು, 123 ಬಗೆಯ ಅದುರುವಿಕೆ ಒಳಗೇ ತುಂಬಿಸಿ ಬರ್ತದೆ, 1ನೇದು ಜೋರು ಕ್ಲಿಕ್, 14ನೇದು ಜೋರು ಜುಂ. ಮೋಟರನ್ನು ಹಿಡಿದು ನಿಲ್ಲಿಸುವ ಬ್ರೇಕ್ ಕೂಡ ಅದೇ ಹಾಕ್ತದೆ. ಎಲ್‌ಆರ್‌ಎಗೆ ಚಿಪ್ಪಿನ ಒಳಗಿನ ಅದುರುವಿಕೆಯ ಪಟ್ಟಿಗಳಲ್ಲಿ (ಲೈಬ್ರರಿ) 6ನೇದನ್ನು ಆರಿಸ್ಬೇಕು, ಮೊದಲ ಐದು ಇಆರ್‌ಎಂನದ್ದು.

ಇಲ್ಲಿ ಒಂದು ಗುಂಡಿ ಉಂಟು, ನಾನು ಒಂದು ಇಡೀ ಭಾನುವಾರ ಅದರಲ್ಲಿ ಬಿದ್ದಿದ್ದೆ. ಬೋರ್ಡು ಚಿಪ್ಪಿನ ಜೊತೆ ಮಾತಾಡುವ ವಯರಿನ ದಾರಿಗೆ ಐ2ಸಿ ಅಂತಾರೆ, ಅದರಲ್ಲಿ ಈ ಚಿಪ್ಪುಗಳಿಗೆ ವಿಳಾಸ ಒಂದೇ, 0ಎಕ್ಸ್5ಎ, ಬದಲಾಯಿಸ್ಲಿಕ್ಕೆ ಬರುದಿಲ್ಲ. ಎರಡನ್ನೂ ಒಂದೇ ವಯರಿಗೆ ಹಾಕಿದ್ರೆ ಎರಡೂ ಒಟ್ಟಿಗೆ ಅದುರ್ತವೆ, ನೀವು ಡಬ್ಬಿ ಸರಿ ಆಗ್ಲಿಲ್ಲ ಅಂತ ಡಬ್ಬಿಯನ್ನು ಬೈದು ಕೂರ್ತೀರಿ. ಇಎಸ್‌ಪಿ32ರಲ್ಲಿ ಐ2ಸಿ ಎರಡು ಉಂಟು, ಒಂದೊಂದಕ್ಕೆ ಒಂದೊಂದು ಹಾಕಿ. ಎರಡಕ್ಕಿಂತ ಹೆಚ್ಚು ಜಾಗ ಬೇಕಾದ್ರೆ ಟಿಸಿಎ9548ಎ ಅನ್ನುವ ಕವಲು ಚಿಪ್ ಹಾಕ್ಬೇಕು, ಅದರಲ್ಲಿ ಎಂಟು ಕವಲು ಸಿಗ್ತದೆ.

ಆಟೋ ಕ್ಯಾಲಿಬ್ರೇಶನ್, ಅಂದ್ರೆ ಚಿಪ್ ಮೋಟರನ್ನು ಓಡಿಸಿ ನೋಡಿ ತನ್ನನ್ನು ಅದಕ್ಕೆ ಹೊಂದಿಸಿಕೊಳ್ಳುದು ಅಂತ ಒಂದು ಕೆಲಸ ಉಂಟು, ಅದನ್ನು ಮೋಟರ್ ಮೇಜಿನ ಮೇಲೆ ಇರುವಾಗ ಮಾಡ್ಬೇಡಿ, ಕಿಟಕಿಯ ತುಂಡಿಗೆ ಅಂಟಿಸಿ ಡಬ್ಬಿಗೆ ಕೂರಿಸಿದ ಮೇಲೆ ಮಾಡಿ. ಯಾಕಂದ್ರೆ ಮೋಟರಿನ ಮೇಲೆ ಬರೆದ 175 ಹರ್ಟ್ಜ್ ಭಾರದ ವಸ್ತುವಿಗೆ ಅಂಟಿಸಿ ಅಳೆದದ್ದು, ಹಗುರ ತುಂಡಿಗೆ ಅಂಟಿಸಿದ್ರೆ ಆ ವೇಗ ಮೇಲೆ ಹೋಗ್ತದೆ. ಒಳಗಿನ ಅಲುಗುವ ಭಾರ 1 ಗ್ರಾಂ, ಉಳಿದ ತುಂಡು 5 ಗ್ರಾಂ ಅಂತ ಲೆಕ್ಕ ಹಿಡಿದ್ರೆ 175 ಇದ್ದದ್ದು 190ರ ಆಚೆ ಈಚೆ ಆಗ್ತದೆ. ಎಲ್‌ಆರ್‌ಎಗೆ ಇದು ದೊಡ್ಡ ವ್ಯತ್ಯಾಸ, ಹಳೇ ವೇಗದಲ್ಲಿಯೇ ಓಡಿಸಿದ್ರೆ ಸತ್ತ ಹಾಗೆ ಇರ್ತದೆ. ಚಿಪ್ ತಾನೇ ಹೊಸ ವೇಗ ಹುಡುಕಿಕೊಳ್ತದೆ, ಆದ್ರೆ ಹುಡುಕಲಿಕ್ಕೆ ನಾವು ಸರಿಯಾದ ಸ್ಥಿತಿಯಲ್ಲಿ ಇಟ್ಟು ಕೊಡ್ಬೇಕು.

ಈಗ ಪರೀಕ್ಷೆ. ಅಡಿಗೆ ಮನೆಯಿಂದ ಒಂದು ಚಮಚ ಸಣ್ಣ ರವೆ ತನ್ನಿ. ಡಬ್ಬಿಯನ್ನು ಕೈಯಲ್ಲಿಯೇ ಹಿಡಿದು, ಎರಡು ಕಿಟಕಿಯಲ್ಲಿ ಒಂದನ್ನು ಮೇಲೆ ಮಾಡಿ, ಅದರ ಮೇಲೂ ಪಕ್ಕದ ಡಬ್ಬಿಯ ಮೇಲೂ ರವೆ ಉದುರಿಸಿ, ಮೋಟರ್ ಓಡಿಸಿ. ಕಿಟಕಿಯ ಮೇಲಿನ ರವೆ ಕುಣೀಬೇಕು, ಡಬ್ಬಿಯ ಮೇಲಿನದ್ದು ಸುಮ್ಮನೆ ಇರ್ಬೇಕು. ಡಬ್ಬಿಯ ಮೇಲಿನದ್ದೂ ಕುಣಿದ್ರೆ ಎಲ್ಲೋ ತಾಗ್ತಾ ಉಂಟು, ಸುತ್ತ ಇರುವ ಸಂದಿಗೆ ಒಂದು ಕಾಗದದ ತುಂಡು ತೂರಿಸಿ ಸುತ್ತಾಡಿಸಿ, ಸಿಕ್ಕಿಹಾಕಿಕೊಂಡ ಜಾಗವೇ ತಾಗುವ ಜಾಗ. ನಾನು ಮೊದಲು ಮಾಡಿದ ಕಿಟಕಿ ಇಲ್ಲದ ಡಬ್ಬಿಯ ಮೇಲೂ ರವೆ ಹಾಕಿ ನೋಡಿದೆ, ಒಂದು ತುದಿಯ ಮೋಟರಿಗೆ ಇನ್ನೊಂದು ತುದಿಯ ರವೆ ಹೆಚ್ಚು ಕುಣೀತಿತ್ತು. ಅಳತೆಯೇ ಬೇಕು ಅನ್ನುವವರು ಅಲುಗುದನ್ನು ಅಳೆಯುವ ಎಂಪಿಯು6050 ಸೆನ್ಸರ್ ಮಾಡ್ಯೂಲ್ ಅಂಟಿಸಿ ನೋಡ್ಬಹುದು, ಅದು ಸೆಕೆಂಡಿಗೆ 1000 ಸಲ ಅಳೀತದೆ. 190 ಹರ್ಟ್ಜ್ ಹಿಡೀಲಿಕ್ಕೆ ಅದರ ಎರಡು ಪಟ್ಟಿಗಿಂತ ಹೆಚ್ಚು ಸಲ ಅಳೀಬೇಕು, ನಿಧಾನದ ಸೆನ್ಸರ್ ಹಾಕಿದ್ರೆ ಸುಳ್ಳು ಲೆಕ್ಕ ಬರ್ತದೆ.

ರವೆಗಿಂತ ದೊಡ್ಡ ಪರೀಕ್ಷೆ ಹಿಡಿಯುವವರ ಕೈ. ಮಾವನನ್ನು ಜಗಲಿಯಲ್ಲಿ ಕೂರಿಸಿ, ಕ್ರಮ ಇಲ್ಲದೆ 20 ಸಲ ಎಡ ಬಲ ಓಡಿಸಿ, ಎಲ್ಲಿ ಅದುರಿತು ಅಂತ ಕೇಳಿ ಪುಸ್ತಕದಲ್ಲಿ ಬರ್ಕೊಂಡೆ. ಹಳೇ ಡಬ್ಬಿಯಲ್ಲಿ ಅರ್ಧಕ್ಕರ್ಧ ತಪ್ಪು, ಅಂದ್ರೆ ಕಣ್ಣು ಮುಚ್ಚಿ ಹೇಳಿದ ಹಾಗೆ. ಕಿಟಕಿ ಇರುವ ಡಬ್ಬಿಯಲ್ಲಿ ತಪ್ಪಿದ್ದು ಒಂದೇ ಸಲ. ಆ ದಿನ ಅತ್ತೆ ಚಾ ತಂದು ಕೊಟ್ಟು ನಿಂತು ನೋಡ್ತಾ ಇದ್ರು, ಮಾವ ಎಡ, ಬಲ, ಬಲ, ಎಡ ಅಂತ ಸರಾಗ ಹೇಳುದನ್ನು ಕೇಳಿ ನನಗೆ ಆದ ಖುಷಿ ಹೇಳ್ಲಿಕ್ಕೆ ಗೊತ್ತಾಗುದಿಲ್ಲ.

ಅದುರಿಸುದು ಚೂರೇ ಇರ್ಬೇಕು. ಉದ್ದ ಜುಂ ಬಿಟ್ರೆ ಬೆರಳಿಗೆ ಅದು ರೂಢಿ ಆಗಿ ಮಂಕಾಗ್ತದೆ. ನಾನು ಇಟ್ಟದ್ದು ಎರಡು ಗಟ್ಟಿ ಕ್ಲಿಕ್, ನಡುವೆ ಕಾಲು ಸೆಕೆಂಡ್. ಹೆಬ್ಬೆಟ್ಟಿಗೆ ಆದ್ರೆ ಕರೆಂಟ್ ಬಂತು, ನಡು ಬೆರಳಿಗೆ ಆದ್ರೆ ಪಂಪು ಓಡ್ತಾ ಉಂಟು. ತೊಟ್ಟಿ ಖಾಲಿ ಆದ್ರೆ ಹೆಬ್ಬೆಟ್ಟು, ಬೆರಳು, ಹೆಬ್ಬೆಟ್ಟು, ಬೆರಳು ಅಂತ ದಾಟಿ ದಾಟಿ ಬರ್ತದೆ, ಅದು ಉಳಿದ ಯಾವುದರ ಹಾಗೂ ಇಲ್ಲ. ಎರಡು ಮೋಟರಿನ ನಡುವೆ ಇಲ್ಲದ ಮೂರನೇ ಜಾಗವನ್ನೂ ತೋರಿಸ್ಬಹುದು, ಎರಡನ್ನೂ ಒಟ್ಟಿಗೆ ಹದವಾಗಿ ಓಡಿಸಿದ್ರೆ ಚರ್ಮಕ್ಕೆ ನಡುವಲ್ಲಿ ಅದುರಿದ ಹಾಗೆ ಆಗ್ತದೆ, ಸಮ ನಡುವೆ ಬೇಕಾದ್ರೆ ಎರಡನ್ನೂ ಪೂರ್ತಿ ಜೋರಿನ 0.7 ಪಾಲು ಜೋರಿಗೆ ಅದುರಿಸುದು. ಎಳೆಯರ ಕೈಗೆ, ಆಟದ ಸಾಧನಕ್ಕೆ ಅದು ಚೆಂದ. ಮಾವನ ಪಂಪಿನ ಸೀಲಿಗೆ ಅಂಥ ಭ್ರಮೆಯನ್ನು ನಂಬುವ ಧೈರ್ಯ ನನಗೆ ಬರ್ಲಿಲ್ಲ. ದೊಡ್ಡ ಕಂಪೆನಿಗಳು ಕೂಡ ಜಾಗ ಬೇಕಾದಲ್ಲಿ ಮೋಟರನ್ನೇ ಅಲ್ಲಿಗೆ ಕೊಂಡು ಹೋದದ್ದು, 2013ರ ಎಕ್ಸ್‌ಬಾಕ್ಸ್ ಒನ್ ಕಂಟ್ರೋಲರಲ್ಲಿ ಹಿಡಿಯ ಒಳಗೆ ಎರಡು ಮೋಟರ್ ಇದ್ದೂ ಟ್ರಿಗರಿಗೆ ಒಂದೊಂದು ಸಣ್ಣ ಮೋಟರ್ ಬೇರೆಯೇ ಇಟ್ರು.

ಪಂಪಿನ ಸ್ಟಾರ್ಟರ್ ಬದಿಯ ಕೆಲಸ ಇಲ್ಲಿ ಬರೆಯುದಿಲ್ಲ, ತ್ರೀ ಫೇಸ್ ಅದು, ಲೈನ್ ಗೊತ್ತಿದ್ದವರ ಕೈಯಲ್ಲೇ ಮಾಡಿಸಿ.

ಬೆವರು ಮತ್ತು ಮದ್ದಿನ ನೀರು ಕಿಟಕಿಯ ಸಂದಿಯಿಂದ ಒಳಗೆ ಹೋಗದ ಹಾಗೆ ಬಲೂನಿನ ರಬ್ಬರ್ ಕೊಯ್ದು ಮೇಲಿಂದ ಸಡಿಲ ಹೊದೆಸಿ ಅಂಟಿಸಿದ್ದೇನೆ, ಬಿಗಿ ಎಳೆದ್ರೆ ಅದುವೇ ಸೇತುವೆ ಆಗ್ತದೆ. ವರ್ಷಕ್ಕೊಮ್ಮೆ ಬದಲಾಯಿಸ್ಬೇಕು, ತೋಟಕ್ಕೆ ನೀರು ಶುರು ಮಾಡುವ ಮೊದಲು. ಮಳೆಗಾಲದಲ್ಲಿ ಉಪಯೋಗ ಇಲ್ಲ, ಒಲೆಯ ಮೇಲಿನ ಅಟ್ಟದಲ್ಲಿ ಡಬ್ಬಿಯೊಳಗೆ ಇಟ್ರೆ ಬೂಸಲು ಹಿಡಿಯುದಿಲ್ಲ. ಡಬಲ್ ಟೇಪಲ್ಲಿ ಅಂಟಿಸಿದ್ದು ಯಾವುದೂ ನಮ್ಮ ಜೂನ್ ಜುಲೈ ದಾಟ್ಲಿಲ್ಲ.

ಜಗಲಿಯಲ್ಲಿ ಸರಿ ಆದದ್ದು ತೋಟದಲ್ಲಿ ಒಂದು ದಿನ ತಪ್ಪಿತು. ಮಾವ ಹುಲ್ಲು ಕೊಯ್ಯುವ ಮೆಷಿನನ್ನು ಆಳಿನವನ ಕೈಯಿಂದ ತೆಗೊಂಡು ಸ್ವಲ್ಪ ಹೊತ್ತು ಹಿಡಿದು ನಿಂತಿದ್ರಂತೆ, ಆಮೇಲೆ ರಿಮೋಟ್ ಅದುರಿದ್ದೇ ಗೊತ್ತಾಗ್ಲಿಲ್ಲ. ಮೆಷಿನಿನ ನಡುಕ ಹಿಡಿದ ಕೈ ಸ್ವಲ್ಪ ಹೊತ್ತು ಜೋಮು ಹಿಡಿದಿರ್ತದೆ, ಸಣ್ಣ ನಡುಕ ಅದಕ್ಕೆ ಕಾಣುದಿಲ್ಲ. ಹಾಗಾಗಿ ತೊಟ್ಟಿ ಖಾಲಿ ಅನ್ನುವ ಸುದ್ದಿ ಈಗ ಒಮ್ಮೆ ಹೇಳಿ ಸುಮ್ಮನಾಗುದಿಲ್ಲ, ಮಾವ ಬಟನ್ ಒತ್ತುವವರೆಗೆ ಅರ್ಧ ನಿಮಿಷಕ್ಕೊಮ್ಮೆ ಬರ್ತದೆ, ಐದು ನಿಮಿಷ ಆದ್ರೂ ಒತ್ತದಿದ್ರೆ ಪಂಪು ತಾನೇ ನಿಲ್ತದೆ.